ವಿಟಮಿನ್ ಡಿ ಪುಡಿ ತೆಗೆದುಕೊಂಡರೆ ಅಸ್ತಮಾದ ಇನ್ಹೇಲರ್ ಬಿಡಬಹುದೇ?

ಪ್ರಶ್ನೆ: ನನಗೆ 44 ವರ್ಷ. ಬ್ರಹ್ಮಾವರದ ಬಳಿಯ ಪ್ರೌಢಶಾಲೆಯೊಂದರಲ್ಲಿ ಶಿಕ್ಷಕಿಯಾಗಿದ್ದೇನೆ. ಇಪ್ಪತ್ತರ ಹರೆಯದಿಂದಲೂ ಅಸ್ತಮಾ ಇದೆ, ಮಳೆಗಾಲದಲ್ಲಿ ಜಾಸ್ತಿಯಾಗುತ್ತದೆ. ಈ ವರ್ಷ ಜೂನ್‌ನಲ್ಲಿ ಒಮ್ಮೆ, ಆಗಸ್ಟ್‌ನಲ್ಲಿ ಒಮ್ಮೆ ಐದೈದು ದಿನ ಸ್ಟೀರಾಯ್ಡ್ ಮಾತ್ರೆ ನುಂಗಬೇಕಾಯಿತು. ಆಗಸ್ಟ್‌ನಲ್ಲಿ ಮಾಡಿಸಿದ ಸ್ಪೈರೊಮೆಟ್ರಿ ಎಂಬ ಊದುವ ಪರೀಕ್ಷೆಯಲ್ಲಿ ಎಫ್‌ಇವಿ1 (ಬಲವಾಗಿ ಊದಿದಾಗ ಮೊದಲ ಸೆಕೆಂಡಿನಲ್ಲಿ ಹೊರಬರುವ ಗಾಳಿ) 1.5 ಲೀಟರ್ ಇತ್ತು, ಅಂದರೆ ನನ್ನ ವಯಸ್ಸು ಎತ್ತರಕ್ಕೆ ಇರಬೇಕಾದುದರ ಶೇ. 68, ಔಷಧ ಎಳೆದುಕೊಂಡ ಮೇಲೆ ಅದು 1.8 ಲೀಟರ್ ಆಯಿತು. ರಕ್ತದಲ್ಲಿ ವಿಟಮಿನ್ ಡಿ ಕೇವಲ 13 ಎಂದು ಗೊತ್ತಾಗಿ, ವಾರಕ್ಕೊಂದರಂತೆ 60,000 ಯೂನಿಟ್‌ನ ಪುಡಿಯನ್ನು ಎಂಟು ವಾರ ಹಾಲಿನಲ್ಲಿ ಕಲಸಿ ಕುಡಿದೆ. ಅದೇ ಹೊತ್ತಿನಲ್ಲಿ ವೈದ್ಯರು ಎಚ್ಚರಿಸಿದ್ದರಿಂದ ಬೆಳಿಗ್ಗೆ ಸಂಜೆಯ ಇನ್ಹೇಲರನ್ನೂ ತಪ್ಪದೆ ಬಳಸಿದೆ. ಈಗ ಡಿಸೆಂಬರ್‌ನಲ್ಲಿ ಉಸಿರಾಟ ಎಷ್ಟೋ ಹಗುರವಾಗಿದೆ. ಆ ಇನ್ಹೇಲರ್ ಬಿಟ್ಟು ಒಂದು ತಿಂಗಳಾಯಿತು. ನೀಲಿ ಬಣ್ಣದ್ದನ್ನು ಮಾತ್ರ ಬೇಕಾದಾಗ ಬಳಸುತ್ತೇನೆ. ವಿಟಮಿನ್ ಡಿ ಶ್ವಾಸಕೋಶದ ಶಕ್ತಿಯನ್ನೇ ಹೆಚ್ಚಿಸುತ್ತದೆ ಎಂದು ಮಂಗಳೂರಿನಲ್ಲಿರುವ ನಮ್ಮ ಭಾವ ಹೇಳುತ್ತಾರೆ. ಇದು ನಿಜವೇ? ಪುಡಿಯನ್ನು ಹೀಗೆಯೇ ಮುಂದುವರಿಸಿದರೆ ಇನ್ಹೇಲರ್ ಬೇಡವಾದೀತೇ?

ಉತ್ತರ: ಮೊದಲು ನೇರವಾಗಿ ಹೇಳಿಬಿಡುತ್ತೇನೆ, ಕಾರಣಗಳನ್ನು ಆಮೇಲೆ ವಿವರಿಸುತ್ತೇನೆ. ವಿಟಮಿನ್ ಡಿ ಕೊಡುವುದರಿಂದ ಅಸ್ತಮಾ ಇರುವ ವಯಸ್ಕರ ಎಫ್‌ಇವಿ1 ಹೆಚ್ಚುತ್ತದೆ ಎಂಬುದು ಈವರೆಗೆ ನಡೆದಿರುವ ಒಳ್ಳೆಯ ಪರೀಕ್ಷೆಗಳಲ್ಲಿ ಸಾಬೀತಾಗಿಲ್ಲ. ಆದ್ದರಿಂದ ಪುಡಿಯನ್ನು ನಂಬಿ ಬೆಳಿಗ್ಗೆ ಸಂಜೆಯ ಇನ್ಹೇಲರನ್ನು ನಿಲ್ಲಿಸಿದ್ದು ಸರಿಯಾಗಲಿಲ್ಲ. ಈ ವಾರವೇ ನಿಮ್ಮ ವೈದ್ಯರನ್ನು ಕಂಡು ಅದನ್ನು ಮತ್ತೆ ಆರಂಭಿಸಿ. ಹಾಗೆಂದು ನೀವು ಪುಡಿ ತೆಗೆದುಕೊಂಡದ್ದು ವ್ಯರ್ಥವೇನೂ ಆಗಿಲ್ಲ. ಮಿಲಿಲೀಟರಿಗೆ 20 ನ್ಯಾನೋಗ್ರಾಂಗಿಂತ ಕೆಳಗಿದ್ದರೆ ಕೊರತೆ ಎಂದು ಸಾಮಾನ್ಯವಾಗಿ ಪರಿಗಣಿಸುತ್ತೇವೆ. ನಿಮ್ಮ 13 ಕೊರತೆಯೇ ಹೌದು, ಅದನ್ನು ಸರಿಪಡಿಸಬೇಕಾಗಿತ್ತು. ಅದರ ಲಾಭ ನಿಮ್ಮ ಮೂಳೆಗಳಿಗೆ ದೊರೆಯುತ್ತದೆ. ಉಸಿರಾಟ ಸುಧಾರಿಸಿದ್ದಕ್ಕೆ ಕಾರಣ ಬೇರೆ ಇದೆ ಎಂದು ನಿಮ್ಮ ಪತ್ರವನ್ನು ಓದಿದಾಗ ನನಗೆ ಅನಿಸುತ್ತದೆ.

ನಮ್ಮ ಕರಾವಳಿಯಲ್ಲಿ ಆಗಸ್ಟ್‌ಗೂ ಡಿಸೆಂಬರ್‌ಗೂ ಎಷ್ಟು ವ್ಯತ್ಯಾಸ ಎಂಬುದನ್ನು ಒಮ್ಮೆ ನೆನಪಿಸಿಕೊಳ್ಳಿ. ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ ಬೀಳುವ ಈ ಪ್ರದೇಶದಲ್ಲಿ ಅದರ ದೊಡ್ಡ ಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳಲ್ಲೇ ಸುರಿದುಬಿಡುತ್ತದೆ. ಆಟಿ ತಿಂಗಳಲ್ಲಿ ವಾರಗಟ್ಟಲೆ ಬಿಸಿಲು ಕಾಣುವುದಿಲ್ಲ. ಬಟ್ಟೆಗಳು ಮನೆಯೊಳಗೇ ಹಗ್ಗದ ಮೇಲೆ ಒಣಗುತ್ತವೆ, ಗೋಡೆಗೆ, ಕಪಾಟಿನ ಹಿಂಬದಿಗೆ, ಚಪ್ಪಲಿಗೆ ಕೂಡ ಬೂಷ್ಟು ಹಿಡಿಯುತ್ತದೆ, ಹಾಸಿಗೆ ದಿಂಬುಗಳಲ್ಲಿ ಕಣ್ಣಿಗೆ ಕಾಣದ ಧೂಳುಹುಳುಗಳು ತೇವದಿಂದ ಹೆಚ್ಚುತ್ತವೆ. ಶಾಲೆ ಆರಂಭವಾಗುವುದೂ ಮಳೆ ಹಿಡಿಯುವುದೂ ಹೆಚ್ಚು ಕಡಿಮೆ ಒಟ್ಟಿಗೇ. ಬಾಗಿಲು ಕಿಟಕಿ ಮುಚ್ಚಿದ ತರಗತಿಯಲ್ಲಿ ಮಕ್ಕಳ ಶೀತ, ಕೆಮ್ಮು ಶಿಕ್ಷಕರಿಗೂ ಹರಡುತ್ತದೆ, ಮತ್ತು ವಯಸ್ಕರಲ್ಲಿ ಅಸ್ತಮಾ ಉಲ್ಬಣಿಸಲು ಈ ಶೀತದ ವೈರಸ್‌ಗಳೇ ಬಹಳ ದೊಡ್ಡ ಕಾರಣ. ಅದೇ ತಿಂಗಳುಗಳಲ್ಲಿ ಚರ್ಮಕ್ಕೆ ಬಿಸಿಲು ಬೀಳದೆ ರಕ್ತದ ವಿಟಮಿನ್ ಡಿ ಕೂಡ ಇಳಿಯುತ್ತದೆ. ರಕ್ತದಲ್ಲಿ ನಾವು ಅಳೆಯುವ ಅದರ ರೂಪ ಎರಡು ಮೂರು ವಾರಗಳಲ್ಲಿ ಅರ್ಧಕ್ಕೆ ಇಳಿಯುವಂಥದ್ದು. ಹೀಗಾಗಿ ಆಗಸ್ಟ್‌ನಲ್ಲಿ ಪರೀಕ್ಷೆ ಮಾಡಿಸಿದರೆ ಎಫ್‌ಇವಿ1 ಕಡಿಮೆ, ವಿಟಮಿನ್ ಡಿ ಕೂಡ ಕಡಿಮೆ ಬರುತ್ತದೆ. ಡಿಸೆಂಬರ್‌ನಲ್ಲಿ ಮಾಡಿಸಿದರೆ ಎರಡೂ ಏರಿರುತ್ತವೆ. ಇವೆರಡೂ ಒಂದಕ್ಕೊಂದು ಕಾರಣವಾಗದೆ, ಒಂದೇ ಋತುವಿನ ಹಿಂದೆ ಸಾಗುತ್ತಿರುವ ಸಾಧ್ಯತೆಯೇ ಹೆಚ್ಚು. ನನ್ನ ಬಳಿ ಬರುವ ಎಷ್ಟೋ ರೋಗಿಗಳು ಯಾವ ಪುಡಿಯನ್ನೂ ತೆಗೆದುಕೊಳ್ಳದೆ ದೀಪಾವಳಿಯ ನಂತರ ಹಗುರವಾಗಿ ಉಸಿರಾಡುತ್ತಾರೆ.

ಇದರ ಜೊತೆಗೆ ಇನ್ನೊಂದು ಮಾತನ್ನು ನೀವೇ ಬರೆದಿದ್ದೀರಿ, ಆದರೆ ಅದಕ್ಕೆ ತೂಕ ಕೊಟ್ಟಿಲ್ಲ: ಪುಡಿ ಕುಡಿದ ಅದೇ ವಾರಗಳಲ್ಲಿ ಬೆಳಿಗ್ಗೆ ಸಂಜೆಯ ಇನ್ಹೇಲರನ್ನು ತಪ್ಪದೆ ಬಳಸಿದಿರಿ. ಅದರಲ್ಲಿರುವ ಸ್ಟೀರಾಯ್ಡ್ ಶ್ವಾಸನಾಳದ ಒಳಪದರದ ಉರಿಯೂತವನ್ನು ನಿಧಾನವಾಗಿ ತಗ್ಗಿಸುತ್ತದೆ. ಕೆಲವೇ ದಿನಗಳಲ್ಲಿ ಉಸಿರು ಹಗುರವಾಗತೊಡಗಿ, ಪೂರ್ಣ ಲಾಭ ಕಾಣಲು ವಾರಗಳು, ಕೆಲವೊಮ್ಮೆ ತಿಂಗಳುಗಳೇ ಬೇಕಾಗುತ್ತವೆ. ನಿಲ್ಲಿಸಿದಾಗಲೂ ಹಾಗೆಯೇ. ಉರಿಯೂತ ಮರುದಿನವೇ ಮರಳುವುದಿಲ್ಲ, ವಾರಗಳ ಅಂತರದಲ್ಲಿ ಸದ್ದಿಲ್ಲದೆ ಮರಳುತ್ತದೆ. ಇನ್ಹೇಲರ್ ಬಿಟ್ಟು ಒಂದು ತಿಂಗಳು ಚೆನ್ನಾಗಿದ್ದೇನೆ ಎಂಬುದರಿಂದ ಅದು ಬೇಡ ಎಂದು ತೀರ್ಮಾನಿಸಲು ಆಗದಿರುವುದು ಇದಕ್ಕಾಗಿಯೇ, ಅದರಲ್ಲೂ ವರ್ಷದ ಅತ್ಯಂತ ಸುಲಭವಾದ ತಿಂಗಳಿನಲ್ಲಿ.

ಹೀಗೆ ಋತು, ಇನ್ಹೇಲರ್, ಪುಡಿ ಮೂರೂ ಒಟ್ಟಿಗೆ ಬಂದಾಗ ಯಾವುದರಿಂದ ಏನಾಯಿತು ಎಂದು ಒಬ್ಬ ವ್ಯಕ್ತಿಯ ಅನುಭವದಿಂದ ಬೇರ್ಪಡಿಸುವುದು ಸಾಧ್ಯವಿಲ್ಲ. ಅದಕ್ಕಾಗಿಯೇ ನೂರಾರು ರೋಗಿಗಳನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ, ಒಂದು ಗುಂಪಿಗೆ ವಿಟಮಿನ್ ಡಿ, ಇನ್ನೊಂದಕ್ಕೆ ನೋಡಲು ಅದರಂತೆಯೇ ಇರುವ ಹುಸಿ ಔಷಧ ಕೊಟ್ಟು, ಯಾರಿಗೆ ಯಾವುದು ಸಿಕ್ಕಿದೆ ಎಂದು ವೈದ್ಯರಿಗೂ ರೋಗಿಗೂ ತಿಳಿಯದಂತೆ ನಡೆಸುವ ಪರೀಕ್ಷೆಗಳು ಬೇಕಾಗುತ್ತವೆ. ಇಂಥ ಪರೀಕ್ಷೆಗಳು ಈ ವಿಷಯದಲ್ಲಿ ಸಾಕಷ್ಟು ನಡೆದಿವೆ.

ಅವುಗಳಲ್ಲಿ ನಿಮ್ಮಂಥವರಿಗೆ ಹತ್ತಿರವಾದದ್ದು 2014ರಲ್ಲಿ ಪ್ರಕಟವಾದ, ಅಮೆರಿಕದಲ್ಲಿ ನಡೆದ ವಿಡಾ ಎಂಬ ಪರೀಕ್ಷೆ. ಇನ್ಹೇಲರ್ ಬಳಸಿಯೂ ಲಕ್ಷಣಗಳು ಉಳಿದಿದ್ದ, ವಿಟಮಿನ್ ಡಿ ಮಟ್ಟ 30ಕ್ಕಿಂತ ಕಡಿಮೆ ಇದ್ದ 408 ವಯಸ್ಕರನ್ನು ಅದರಲ್ಲಿ ಸೇರಿಸಿಕೊಂಡರು. ಒಂದು ಗುಂಪಿಗೆ ಮೊದಲು 1 ಲಕ್ಷ ಯೂನಿಟ್, ಆಮೇಲೆ ದಿನಕ್ಕೆ 4,000 ಯೂನಿಟ್‌ನಂತೆ 28 ವಾರ ವಿಟಮಿನ್ ಡಿ3 ಕೊಟ್ಟರು; ಎರಡೂ ಗುಂಪಿಗೆ ಸೈಕ್ಲಿಸೊನೈಡ್ ಎಂಬ ಸ್ಟೀರಾಯ್ಡ್ ಇನ್ಹೇಲರ್ ಇತ್ತು. ವಿಟಮಿನ್ ಪಡೆದವರಲ್ಲಿ ಬಹುಪಾಲು ಜನರ ರಕ್ತದ ಮಟ್ಟ ನಿರೀಕ್ಷೆಯಂತೆ 30 ದಾಟಿತು. ಆದರೆ ಚಿಕಿತ್ಸೆ ಕೈಕೊಟ್ಟವರ ಪ್ರಮಾಣ ವಿಟಮಿನ್ ಗುಂಪಿನಲ್ಲಿ ಶೇ. 28, ಹುಸಿ ಔಷಧದ ಗುಂಪಿನಲ್ಲಿ ಶೇ. 29. ಶ್ವಾಸಕೋಶದ ಅಳತೆಗಳಲ್ಲಿಯೂ ಲೆಕ್ಕಕ್ಕೆ ಹಿಡಿಯುವಂಥ ವ್ಯತ್ಯಾಸ ಕಾಣಲಿಲ್ಲ. ವಿಟಮಿನ್ ಪಡೆದವರಿಗೆ ಕೊನೆಯಲ್ಲಿ ಬೇಕಾದ ಇನ್ಹೇಲರ್ ಸ್ಟೀರಾಯ್ಡ್ ದಿನಕ್ಕೆ ಸುಮಾರು 15 ಮೈಕ್ರೊಗ್ರಾಂನಷ್ಟು ಕಡಿಮೆ ಇತ್ತು. ಅದು ಚಿಕಿತ್ಸೆಯನ್ನು ಬದಲಿಸುವಷ್ಟು ದೊಡ್ಡ ಅಂತರವಾಗಿರಲಿಲ್ಲ. ಆ ರೋಗಿಗಳೆಲ್ಲರೂ ಇನ್ಹೇಲರ್ ಬಳಸುತ್ತಲೇ ಇದ್ದರು ಎಂಬುದನ್ನು ಗಮನಿಸಬೇಕು. ಇನ್ಹೇಲರ್‌ನ ಜಾಗದಲ್ಲಿ ವಿಟಮಿನ್ ಕೊಟ್ಟು ನೋಡಿದ್ದಲ್ಲ ಅದು. ಅದರ ಜೊತೆಗೆ ಕೊಟ್ಟರೂ ಹೆಚ್ಚಿನ ಲಾಭ ಸಿಗಲಿಲ್ಲ.

ಮರುವರ್ಷ ಲಂಡನ್‌ನಲ್ಲಿ 250 ವಯಸ್ಕ ರೋಗಿಗಳಿಗೆ ಎರಡು ತಿಂಗಳಿಗೊಮ್ಮೆ 1.2 ಲಕ್ಷ ಯೂನಿಟ್‌ನಂತೆ ಒಂದು ವರ್ಷ ಕೊಟ್ಟು ನೋಡಿದ ಪರೀಕ್ಷೆಯ ಫಲಿತಾಂಶವೂ ಬಂತು. ತೀವ್ರ ದಾಳಿಗಳಾಗಲಿ ಶೀತ ಕೆಮ್ಮುಗಳಾಗಲಿ ಕಡಿಮೆಯಾಗಲಿಲ್ಲ.

ಹಾಗಾದರೆ ನಿಮ್ಮ ಭಾವನವರು ಹೇಳುವ ಮಾತು ಎಲ್ಲಿಂದ ಬಂತು? ಅದಕ್ಕೆ ಆಧಾರವೇ ಇಲ್ಲ ಎಂದು ನಾನು ಹೇಳಲಾರೆ. ನಾವು ವೈದ್ಯರೂ ಕೆಲವು ವರ್ಷ ಈ ಆಸೆಯನ್ನು ಇಟ್ಟುಕೊಂಡಿದ್ದೆವು. ವಿಟಮಿನ್ ಡಿ ಮಟ್ಟ ಕಡಿಮೆ ಇರುವ ರೋಗಿಗಳಲ್ಲಿ ಎಫ್‌ಇವಿ1 ಕಡಿಮೆ, ದಾಳಿಗಳು ಹೆಚ್ಚು ಎಂದು ಅನೇಕ ದೇಶಗಳ ಸಮೀಕ್ಷೆಗಳು ತೋರಿಸಿದ್ದವು. ಶ್ವಾಸನಾಳದ ಒಳಪದರದ ಜೀವಕೋಶಗಳೇ ಈ ವಿಟಮಿನ್ನನ್ನು ಅದರ ಸಕ್ರಿಯ ರೂಪಕ್ಕೆ ತರಬಲ್ಲವು ಎಂಬುದೂ, ಆ ರೂಪವು ಕ್ಯಾಥೆಲಿಸಿಡಿನ್ ಎಂಬ ರೋಗಾಣುನಾಶಕ ಪ್ರೋಟೀನನ್ನು ಹೆಚ್ಚಿಸುತ್ತದೆ ಎಂಬುದೂ, ಸ್ಟೀರಾಯ್ಡ್‌ಗೆ ಸರಿಯಾಗಿ ಸ್ಪಂದಿಸದ ರೋಗಿಗಳ ರಕ್ತಕಣಗಳನ್ನು ಪ್ರಯೋಗಾಲಯದಲ್ಲಿ ಸ್ಪಂದಿಸುವಂತೆ ಮಾಡುತ್ತದೆ ಎಂಬುದೂ ತಿಳಿದುಬಂದಿತ್ತು. 2016ರಲ್ಲಿ, ವೈದ್ಯಕೀಯ ಪರೀಕ್ಷೆಗಳನ್ನು ಒಟ್ಟುಗೂಡಿಸಿ ತೂಗಿನೋಡುವ ಕೊಕ್ರೇನ್ ಸಂಸ್ಥೆಯ ಪರಾಮರ್ಶೆ ಅದುವರೆಗಿನ ಪರೀಕ್ಷೆಗಳನ್ನು ಒಟ್ಟುಗೂಡಿಸಿ, ಸ್ಟೀರಾಯ್ಡ್ ಮಾತ್ರೆ ಬೇಕಾಗುವಂಥ ದಾಳಿಗಳು ವಿಟಮಿನ್ ಡಿ ಪಡೆದವರಲ್ಲಿ ಕಡಿಮೆಯಾದವು ಎಂದಿತು. ಪತ್ರಿಕೆಗಳಲ್ಲಿ ದೊಡ್ಡ ಸುದ್ದಿಯಾದದ್ದು ಇದೇ. ಅದೇ ಪರಾಮರ್ಶೆ ಎಫ್‌ಇವಿ1ರ ಮೇಲಾಗಲಿ ದಿನನಿತ್ಯದ ಲಕ್ಷಣಗಳ ಮೇಲಾಗಲಿ ಪರಿಣಾಮ ಕಂಡಿಲ್ಲ ಎಂದು ಅಂದೇ ಸ್ಪಷ್ಟವಾಗಿ ಹೇಳಿತ್ತು. ಆ ಭಾಗ ಜನರಿಗೆ ತಲುಪಲಿಲ್ಲ. 2017ರಲ್ಲಿ 955 ರೋಗಿಗಳ ಮಾಹಿತಿಯನ್ನು ಒಬ್ಬೊಬ್ಬರದಾಗಿ ಪರಿಶೀಲಿಸಿದ ಇನ್ನೊಂದು ವಿಶ್ಲೇಷಣೆ, ದಾಳಿಗಳು ಕಡಿಮೆಯಾದ ಲಾಭ ಮುಖ್ಯವಾಗಿ 10 ನ್ಯಾನೋಗ್ರಾಂಗಿಂತ ಕೆಳಗಿದ್ದವರಲ್ಲಿ ಕಂಡಿತು ಎಂದಿತು.

ಆಮೇಲೆ ಹೊಸ ಪರೀಕ್ಷೆಗಳು ಬಂದವು. 2020ರಲ್ಲಿ ಅಮೆರಿಕದಲ್ಲಿ ಅಸ್ತಮಾ ಮತ್ತು ವಿಟಮಿನ್ ಕೊರತೆ ಎರಡೂ ಇದ್ದ 192 ಮಕ್ಕಳಿಗೆ ದಿನಕ್ಕೆ 4,000 ಯೂನಿಟ್‌ನಂತೆ 48 ವಾರ ಕೊಟ್ಟರೂ ತೀವ್ರ ದಾಳಿಗಳು ತಡವಾಗಲಿಲ್ಲ, ಕಡಿಮೆಯಾಗಲಿಲ್ಲ. 2023ರಲ್ಲಿ ಕೊಕ್ರೇನ್ ತನ್ನ ಪರಾಮರ್ಶೆಯನ್ನು ಪರಿಷ್ಕರಿಸಿತು. 20 ಅಧ್ಯಯನಗಳನ್ನು ಸೇರಿಸಿಕೊಂಡು, 1,155 ಮಕ್ಕಳ ಮತ್ತು 1,070 ವಯಸ್ಕರ ಮಾಹಿತಿಯನ್ನು ಲೆಕ್ಕಕ್ಕೆ ತೆಗೆದುಕೊಂಡಾಗ ದಾಳಿಗಳ ಮೇಲೂ ಲಾಭ ಉಳಿಯಲಿಲ್ಲ, ಎಫ್‌ಇವಿ1ರ ಮೇಲಂತೂ ಮೊದಲಿನಂತೆಯೇ ಪರಿಣಾಮ ಇರಲಿಲ್ಲ. ಬಹಳ ತೀವ್ರ ಅಸ್ತಮಾ ಇರುವವರು ಮತ್ತು ಮಟ್ಟ 10ಕ್ಕಿಂತ ಕೆಳಗಿರುವವರು ಈ ಪರೀಕ್ಷೆಗಳಲ್ಲಿ ಸಾಕಷ್ಟು ಸಂಖ್ಯೆಯಲ್ಲಿ ಇರಲಿಲ್ಲ ಎಂದು ಅದು ಸೇರಿಸಿದೆ. ಆ ಗುಂಪುಗಳಿಗೆ ಪ್ರಶ್ನೆ ಇನ್ನೂ ತೆರೆದಿದೆ. ನಿಮ್ಮ 13 ಆ ಗುಂಪಿಗೆ ಸೇರುವುದಿಲ್ಲ.

ಶ್ವಾಸಕೋಶದ ಅಳತೆಯನ್ನೇ ಮುಖ್ಯವಾಗಿಟ್ಟುಕೊಂಡ ಒಂದು ಅಧ್ಯಯನವನ್ನು ಇಲ್ಲಿ ಹೇಳಲೇಬೇಕು, ಏಕೆಂದರೆ ಇಂಥದ್ದನ್ನೇ ಅರ್ಧ ಓದಿ ವಾಟ್ಸ್‌ಆ್ಯಪ್‌ನಲ್ಲಿ ಕಳುಹಿಸುತ್ತಾರೆ. ನ್ಯೂಜಿಲೆಂಡ್‌ನಲ್ಲಿ 442 ವಯಸ್ಕರಿಗೆ ತಿಂಗಳಿಗೊಮ್ಮೆ 1 ಲಕ್ಷ ಯೂನಿಟ್‌ನಂತೆ ಸುಮಾರು ಒಂದು ವರ್ಷ ಕೊಟ್ಟು, 2017ರಲ್ಲಿ ಪ್ರಕಟಿಸಿದ ಫಲಿತಾಂಶದಲ್ಲಿ ಒಟ್ಟಾರೆ ಎಫ್‌ಇವಿ1 ಹೆಚ್ಚಲಿಲ್ಲ. ಧೂಮಪಾನ ಮಾಡುತ್ತಿದ್ದ ಅಥವಾ ಹಿಂದೆ ಮಾಡಿದ್ದವರನ್ನು ಬೇರೆಯಾಗಿ ಎಣಿಸಿದಾಗ 57 ಮಿಲಿಲೀಟರ್‌ನಷ್ಟು ಹೆಚ್ಚಳ ಕಂಡಿತು. ಇಡೀ ಗುಂಪಿನಲ್ಲಿ ಕಾಣದ ಲಾಭವನ್ನು ಉಪಗುಂಪಿನಲ್ಲಿ ಕಂಡಾಗ ಅದನ್ನು ಮುಂದಿನ ಸಂಶೋಧನೆಗೆ ಒಂದು ಸುಳಿವು ಎಂದಷ್ಟೇ ಪರಿಗಣಿಸಬೇಕು; ಅದರ ಮೇಲೆ ಚಿಕಿತ್ಸೆಯನ್ನು ಕಟ್ಟಬಾರದು.

ಸಮೀಕ್ಷೆಗಳಲ್ಲಿ ಕಂಡ ನಂಟು ಪರೀಕ್ಷೆಗಳಲ್ಲಿ ಯಾಕೆ ಕರಗಿಹೋಯಿತು ಎಂಬುದನ್ನೂ ಯೋಚಿಸಬೇಕು. ಉಸಿರಾಟದ ತೊಂದರೆ ಹೆಚ್ಚಿರುವವರು ಹೊರಗೆ ಓಡಾಡುವುದು ಕಡಿಮೆ, ಬಿಸಿಲಿಗೆ ಬೀಳುವುದೂ ಕಡಿಮೆ. ದೇಹದ ತೂಕ ಹೆಚ್ಚಿರುವವರಲ್ಲಿ ವಿಟಮಿನ್ ಡಿ ಮಟ್ಟ ಕೆಳಗಿರುತ್ತದೆ, ಅಸ್ತಮಾ ಹಿಡಿತಕ್ಕೆ ಬರುವುದೂ ಕಷ್ಟ. ಅಂದರೆ ಕಡಿಮೆ ವಿಟಮಿನ್ ಡಿ ಎಂಬುದು ಬಹಳಷ್ಟು ಸಲ ಹದಗೆಟ್ಟ ಆರೋಗ್ಯದ ಗುರುತಾಗಿರುತ್ತದೆ. ಗುರುತನ್ನು ತಿದ್ದಿದ ಮಾತ್ರಕ್ಕೆ ಅದರ ಹಿಂದಿನ ಕಾಯಿಲೆ ತಿದ್ದಿದಂತೆ ಆಗುವುದಿಲ್ಲ.

ಇಷ್ಟಾದರೂ ನಿಮಗೆ ವಿಟಮಿನ್ ಡಿ ಬೇಕು ಎಂದು ನಾನು ಒತ್ತಿ ಹೇಳುತ್ತೇನೆ, ಅದಕ್ಕೆ ಕಾರಣ ಆ ಎರಡು ಸಲದ ಸ್ಟೀರಾಯ್ಡ್ ಮಾತ್ರೆಗಳು. ಪ್ರೆಡ್ನಿಸೊಲೋನ್‌ನಂಥ ಮಾತ್ರೆಗಳು ದಾಳಿಯ ಹೊತ್ತಿನಲ್ಲಿ ಜೀವ ಉಳಿಸುತ್ತವೆ, ಆಗ ಅವುಗಳಿಗೆ ಹಿಂಜರಿಯಬಾರದು. ಆದರೆ ಐದು ದಿನದ ಚಿಕ್ಕ ಕೋರ್ಸ್‌ಗಳಾದರೂ ಜೀವಮಾನದಲ್ಲಿ ನಾಲ್ಕೈದು ಸೇರಿದರೆ ಮೂಳೆ ಸವೆತ, ಸಕ್ಕರೆ ಕಾಯಿಲೆ, ಕಣ್ಣಿನ ಪೊರೆ ಇವುಗಳ ಅಪಾಯ ಹೆಚ್ಚುತ್ತದೆ. ಇಪ್ಪತ್ತು ವರ್ಷಗಳ ಅಸ್ತಮಾದಲ್ಲಿ ನೀವು ಎಷ್ಟು ಕೋರ್ಸ್ ನುಂಗಿರಬಹುದು ಎಂದು ಹಳೆಯ ಚೀಟಿಗಳನ್ನು ತೆಗೆದು ಎಣಿಸಿ ನೋಡಿ. ಆ ಸಂಖ್ಯೆಯನ್ನು ವೈದ್ಯರಿಗೆ ಹೇಳಿ. ಮುಟ್ಟು ನಿಲ್ಲುವ ವಯಸ್ಸು ಹತ್ತಿರವಾಗುತ್ತಿರುವ ಮಹಿಳೆಗೆ ಮೂಳೆಯ ಚಿಂತೆ ದೊಡ್ಡದು. ಮೂಳೆಯನ್ನು ಕಾಪಾಡುವ ಅತ್ಯುತ್ತಮ ದಾರಿ ಕೂಡ ಕೊನೆಗೆ ಬೆಳಿಗ್ಗೆ ಸಂಜೆಯ ಇನ್ಹೇಲರೇ, ಏಕೆಂದರೆ ಮೈಕ್ರೊಗ್ರಾಂ ಲೆಕ್ಕದಲ್ಲಿ ನೇರವಾಗಿ ಶ್ವಾಸನಾಳಕ್ಕೆ ಹೋಗುವ ಅದರ ಸ್ಟೀರಾಯ್ಡ್, ಮಿಲಿಗ್ರಾಂ ಲೆಕ್ಕದಲ್ಲಿ ಮೈಯೆಲ್ಲ ಸುತ್ತುವ ಮಾತ್ರೆಯ ಅಗತ್ಯವನ್ನೇ ತಪ್ಪಿಸುತ್ತದೆ.

ಇನ್ನು ಪುಡಿಯ ಪ್ರಮಾಣದ ಮಾತು. ವಾರಕ್ಕೆ 60,000 ಯೂನಿಟ್ ಎಂದರೆ ದಿನಕ್ಕೆ ಸುಮಾರು 8,500 ಯೂನಿಟ್ ಆಯಿತು. ಕೊರತೆ ತುಂಬಿಸಲು ಎಂಟು ವಾರ ಹೀಗೆ ಕೊಡುವುದು ವಾಡಿಕೆ, ಅದರಲ್ಲಿ ತಪ್ಪಿಲ್ಲ, ಅಷ್ಟಕ್ಕೆ ನಿಲ್ಲಿಸಬೇಕು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2020ರಲ್ಲಿ ವಯಸ್ಕರಿಗೆ ಶಿಫಾರಸು ಮಾಡಿದ್ದು ದಿನಕ್ಕೆ 600 ಯೂನಿಟ್. ವೈದ್ಯರ ನಿಗಾ ಇಲ್ಲದೆ ಬಹುಕಾಲ ತೆಗೆದುಕೊಳ್ಳುವವರು ದಿನಕ್ಕೆ 4,000 ಯೂನಿಟ್ ದಾಟಬಾರದು. ಕೊರತೆ ತುಂಬಿದ ಮೇಲೆ ದಿನಕ್ಕೆ 1,000ದಿಂದ 2,000 ಯೂನಿಟ್‌ನ ಮಾತ್ರೆ ಸಾಕಾಗುತ್ತದೆ. ಅಥವಾ ಅದೇ 60,000ದ ಪುಡಿಯನ್ನು ತಿಂಗಳಿಗೊಂದು ತೆಗೆದುಕೊಂಡರೆ ದಿನಕ್ಕೆ 2,000ದ ಲೆಕ್ಕವಾಗುತ್ತದೆ. ಒಮ್ಮೆಲೇ ದೊಡ್ಡ ಪ್ರಮಾಣಕ್ಕಿಂತ ದಿನದಿನದ ಸಣ್ಣ ಪ್ರಮಾಣವೇ ನನಗೆ ಇಷ್ಟ. ವೃದ್ಧ ಮಹಿಳೆಯರಿಗೆ ವರ್ಷಕ್ಕೊಮ್ಮೆ 5 ಲಕ್ಷ ಯೂನಿಟ್ ಕೊಟ್ಟ, 2010ರಲ್ಲಿ ಪ್ರಕಟವಾದ ಆಸ್ಟ್ರೇಲಿಯಾದ ಪರೀಕ್ಷೆಯಲ್ಲಿ ಬೀಳುವುದೂ ಮೂಳೆ ಮುರಿಯುವುದೂ ಕಡಿಮೆಯಾಗುವ ಬದಲು ಹೆಚ್ಚಾಗಿತ್ತು. 6 ಲಕ್ಷ ಯೂನಿಟ್‌ನ ಇಂಜೆಕ್ಷನ್ನನ್ನು ಕೇಳಿ ಹಾಕಿಸಿಕೊಳ್ಳುವ ಅಭ್ಯಾಸ ನಮ್ಮಲ್ಲಿ ಇದೆ, ಅದನ್ನು ಬಿಡಬೇಕು.

ಚೀಟಿಯಲ್ಲಿ ಎಂಟು ವಾರ ಎಂದು ಬರೆದಿದ್ದರೂ ಔಷಧ ಅಂಗಡಿಯಿಂದ ತಾವೇ ತಂದು ತಿಂಗಳುಗಟ್ಟಲೆ ಮುಂದುವರಿಸುವವರನ್ನು ನೋಡುತ್ತಿರುತ್ತೇನೆ. ಇದು ಮೂತ್ರದಲ್ಲಿ ಹೊರಹೋಗಿಬಿಡುವ ಬಿ ವಿಟಮಿನ್‌ಗಳಂತಲ್ಲ, ಕೊಬ್ಬಿನಲ್ಲಿ ಕರಗಿ ದೇಹದಲ್ಲಿ ಶೇಖರವಾಗುತ್ತದೆ. ಮಿತಿಮೀರಿದರೆ ರಕ್ತದ ಕ್ಯಾಲ್ಸಿಯಂ ಏರಿ ಹಸಿವು ಹೋಗುವುದು, ವಾಂತಿ, ಮಲಬದ್ಧತೆ, ಬಾಯಾರಿಕೆ, ಪದೇ ಪದೇ ಮೂತ್ರ, ಮಂಕು ಕವಿಯುವುದು ಕಾಣಿಸುತ್ತವೆ, ಮೂತ್ರಪಿಂಡಕ್ಕೆ ಹಾನಿಯಾಗಬಹುದು. ಮೂತ್ರಪಿಂಡದಲ್ಲಿ ಕಲ್ಲಾಗಿದ್ದವರು, ರಕ್ತದೊತ್ತಡಕ್ಕೆ ಥಯಾಜೈಡ್ ಮಾತ್ರೆ ನುಂಗುವವರು ಮೊದಲೇ ತಿಳಿಸಬೇಕು. ಎದೆಯ ಕಾಯಿಲೆ ನೋಡುವವನಾಗಿ ಇನ್ನೊಂದು ಎಚ್ಚರಿಕೆಯನ್ನು ಸೇರಿಸುತ್ತೇನೆ: ಸಾರ್ಕಾಯ್ಡೋಸಿಸ್ ಮತ್ತು ಕ್ಷಯ ಈ ಎರಡು ಕಾಯಿಲೆಗಳಲ್ಲಿ ಉರಿಯೂತದ ಗಂಟುಗಳೇ ವಿಟಮಿನ್ ಡಿಯನ್ನು ಹತೋಟಿಯಿಲ್ಲದೆ ಸಕ್ರಿಯಗೊಳಿಸಿ ಕ್ಯಾಲ್ಸಿಯಂ ಏರಿಸಬಲ್ಲವು, ಎರಡರಲ್ಲೂ ಕೆಮ್ಮು, ಸುಸ್ತು ಇರುವುದರಿಂದ ಅಸ್ತಮಾ ಎಂದುಕೊಂಡು ಪುಡಿ ಕುಡಿಯುತ್ತಾ ಕೂರುವ ಅಪಾಯವಿದೆ. ನೀವು ಎಂಟು ವಾರದ ಕೋರ್ಸ್ ಮುಗಿಸಿರುವುದರಿಂದ ಈಗ ವಿಟಮಿನ್ ಡಿಯ ಜೊತೆಗೆ ಕ್ಯಾಲ್ಸಿಯಂ ಮತ್ತು ಮೂತ್ರಪಿಂಡದ ಸ್ಥಿತಿ ತೋರಿಸುವ ಕ್ರಿಯಾಟಿನಿನ್ ಪರೀಕ್ಷೆಗಳನ್ನೂ ಒಮ್ಮೆ ಮಾಡಿಸಿಬಿಡಿ.

ಬಿಸಿಲು, ಆಹಾರದ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ನಮ್ಮ ಅಕ್ಷಾಂಶದಲ್ಲಿ ಮಳೆಗಾಲ ಬಿಟ್ಟರೆ ಬಿಸಿಲಿಗೆ ಬರವಿಲ್ಲ. ನಿಮ್ಮ ನೆರಳು ನಿಮಗಿಂತ ಗಿಡ್ಡವಾಗಿರುವ ಹೊತ್ತಿನಲ್ಲಿ ಮಾತ್ರ ಚರ್ಮದಲ್ಲಿ ಈ ವಿಟಮಿನ್ ಚೆನ್ನಾಗಿ ತಯಾರಾಗುತ್ತದೆ, ಬೆಳಗಿನ ಎಳೆ ಬಿಸಿಲಿನಿಂದ ಹೆಚ್ಚೇನೂ ಸಿಗದು. ಬೆಳಿಗ್ಗೆ ಬಸ್ಸು ಹತ್ತಿ ಸಂಜೆಯವರೆಗೆ ತರಗತಿಯಲ್ಲಿರುವ ಶಿಕ್ಷಕಿಗೆ ಆ ಹೊತ್ತು ತಪ್ಪಿಹೋಗುವುದು ಸಹಜ. ಮೀನು ತಿನ್ನುವ ಮನೆಯಾದರೆ ಬೂತಾಯಿ, ಬಂಗುಡೆಗಳಲ್ಲಿ ವಿಟಮಿನ್ ಡಿ ಇದೆ; ಮೊಟ್ಟೆಯ ಹಳದಿಯಲ್ಲಿ ಸ್ವಲ್ಪ ಇದೆ. ವಿಟಮಿನ್ ಸೇರಿಸಿದ ಹಾಲಿನಲ್ಲಿ ಲೀಟರಿಗೆ 200ರಿಂದ 300 ಯೂನಿಟ್ ಇರುವುದರಿಂದ ಒಂದು ಲೋಟಕ್ಕೆ ಸಿಗುವುದು 40ರಿಂದ 60 ಅಷ್ಟೇ. ಮಟ್ಟವನ್ನು ಉಳಿಸಿಕೊಳ್ಳಲು ಇವು ನೆರವಾಗುತ್ತವೆ, 13ರಿಂದ ಮೇಲೆತ್ತಲು ಸಾಲುವುದಿಲ್ಲ.

ನಿಮ್ಮ ಪತ್ರದಲ್ಲಿ ನನಗೆ ಅತ್ಯಂತ ಮುಖ್ಯವಾಗಿ ಕಂಡದ್ದು 13 ಎಂಬ ಸಂಖ್ಯೆಯಲ್ಲ, 1.5 ಮತ್ತು 1.8 ಎಂಬ ಎರಡು ಸಂಖ್ಯೆಗಳು. ಎದೆ ತುಂಬ ಉಸಿರೆಳೆದು ಬಲವಾಗಿ ಊದಿದಾಗ ಮೊದಲ ಒಂದು ಸೆಕೆಂಡಿನಲ್ಲಿ ಹೊರಬರುವ ಗಾಳಿಯೇ ಎಫ್‌ಇವಿ1. ನೀಲಿ ಇನ್ಹೇಲರ್‌ನಲ್ಲಿರುವ ಸಾಲ್ಬುಟಮಾಲ್ ಎಳೆದುಕೊಂಡು ಸುಮಾರು ಹದಿನೈದು ನಿಮಿಷದ ನಂತರ ಅದು ಶೇ. 12ಕ್ಕಿಂತಲೂ 200 ಮಿಲಿಲೀಟರ್‌ಗಿಂತಲೂ ಹೆಚ್ಚಾದರೆ ಶ್ವಾಸನಾಳದ ಬಿಗಿತ ಸಡಿಲಗೊಳ್ಳುವಂಥದ್ದು ಎಂದು ಅರ್ಥ. ನಿಮ್ಮಲ್ಲಿ 300 ಮಿಲಿಲೀಟರ್, ಅಂದರೆ ಶೇ. 20 ಹೆಚ್ಚಾಗಿದೆ. ಆ 300 ಮಿಲಿಲೀಟರ್ ನಿಮ್ಮ ಶ್ವಾಸಕೋಶದಲ್ಲೇ ಇದೆ, ಉರಿಯೂತ ಮತ್ತು ಬಿಗಿತ ಅದನ್ನು ತಡೆಹಿಡಿದಿವೆ. ನ್ಯೂಜಿಲೆಂಡ್‌ನ ಆ ಉಪಗುಂಪಿನ 57 ಮಿಲಿಲೀಟರ್‌ಗೆ ಆಸೆಪಡುವ ಬದಲು, ದಿನವೂ ಸರಿಯಾಗಿ ಇನ್ಹೇಲರ್ ಬಳಸಿ ಈ 300ನ್ನು ವಾಪಸು ಪಡೆಯುವುದು ನಿಮ್ಮ ಕೈಯಲ್ಲಿದೆ.

ಸರಿಯಾಗಿ ಬಳಸುವುದು ಎಂದೆ. ಇದಕ್ಕೆ ಸ್ವಲ್ಪ ಜಾಗ ಕೊಡಲೇಬೇಕು, ಏಕೆಂದರೆ ಇನ್ಹೇಲರ್ ಕೆಲಸ ಮಾಡುತ್ತಿಲ್ಲ ಎಂದು ಬರುವವರ ಕೈಗೆ ಅದನ್ನು ಕೊಟ್ಟು ಮುಂದೆಯೇ ಎಳೆಯಲು ಹೇಳಿದರೆ ಬಹಳಷ್ಟು ಸಲ ತಪ್ಪು ಅಲ್ಲಿಯೇ ಕಾಣುತ್ತದೆ. ನೀವು ಕ್ಯಾಪ್ಸೂಲ್ ಹಾಕಿ ಎಳೆಯುವ ಸಾಧನ ಬಳಸುತ್ತಿದ್ದರೆ, ಮಳೆಗಾಲದಲ್ಲಿ ಡಬ್ಬಿಯ ಮುಚ್ಚಳ ಸಡಿಲವಿದ್ದರೆ ಕ್ಯಾಪ್ಸೂಲ್‌ಗಳು ತೇವ ಹೀರಿ ಮೆತ್ತಗಾಗುತ್ತವೆ, ಒಳಗಿನ ಪುಡಿ ಗಂಟುಕಟ್ಟುತ್ತದೆ. ಆಗ ಎಷ್ಟು ಜೋರಾಗಿ ಎಳೆದರೂ ಅರ್ಧ ಪುಡಿ ಕ್ಯಾಪ್ಸೂಲ್‌ನಲ್ಲೇ ಉಳಿಯುತ್ತದೆ. ಎಳೆದ ಮೇಲೆ ಸಾಧನವನ್ನು ತೆರೆದು ಪುಡಿ ಉಳಿದಿದೆಯೇ ಎಂದು ನೋಡಿ, ಉಳಿದಿದ್ದರೆ ಇನ್ನೊಮ್ಮೆ ಎಳೆಯಿರಿ. ಸಾಧನದೊಳಕ್ಕೆ ಉಸಿರು ಬಿಡಬೇಡಿ. ಬಾಯಿಯ ಹಬೆಯೇ ಪುಡಿಯನ್ನು ಕೆಡಿಸುತ್ತದೆ. ಒತ್ತಿದಾಗ ಚಿಮ್ಮುವ ಬಗೆಯದಾದರೆ ಸ್ಪೇಸರ್ (ಇನ್ಹೇಲರ್‌ಗೂ ಬಾಯಿಗೂ ನಡುವೆ ಇಡುವ ಟೊಳ್ಳು ಕೊಳವೆ) ಜೋಡಿಸಿ, ನಿಧಾನವಾಗಿ ಆಳವಾಗಿ ಎಳೆದು ಹತ್ತು ಎಣಿಸುವವರೆಗೆ ಉಸಿರು ಹಿಡಿಯಿರಿ. ಪುಡಿಯ ಸಾಧನವನ್ನು ಮಾತ್ರ ಜೋರಾಗಿ ಎಳೆಯಬೇಕು. ಈ ಎರಡನ್ನು ಅದಲುಬದಲು ಮಾಡುವವರು ಬಹಳ. ಕೊನೆಯಲ್ಲಿ ಬಾಯಿ ಮುಕ್ಕಳಿಸಿ ಉಗುಳಿದರೆ ನಾಲಿಗೆಯ ಮೇಲೆ ಬಿಳಿ ಶಿಲೀಂಧ್ರ ಬೆಳೆಯುವುದು ತಪ್ಪುತ್ತದೆ.

ನಿಮ್ಮ ಮನೆಯಲ್ಲಿ ಸ್ನಾನದ ನೀರನ್ನು ಬಚ್ಚಲ ಒಲೆಯಲ್ಲಿ ಕಾಯಿಸುತ್ತೀರಾ ಎಂದು ನೀವು ಬರೆದಿಲ್ಲ. ಹೌದಾದರೆ, ಮಳೆಗಾಲದಲ್ಲಿ ಒದ್ದೆ ತೆಂಗಿನ ಸಿಪ್ಪೆ, ಕೊತ್ತಳಿಗೆ ಉರಿಸುವ ಆ ಹೊಗೆ ಮನೆಯೊಳಗೆ ಸುತ್ತುವುದನ್ನು ತಪ್ಪಿಸಿ. ಬೆಳಗಿನ ಜಾವ ಒಲೆಯ ಮುಂದೆ ಕೂತು ಊದುವ ಕೆಲಸ ಬೇರೆಯವರು ಮಾಡಲಿ. ಸೊಳ್ಳೆಯ ಕಾಯಿಲ್ ಹಚ್ಚಿ ಮಲಗುವುದನ್ನೂ ಬಿಟ್ಟು ಸೊಳ್ಳೆಪರದೆ ಕಟ್ಟಿಕೊಳ್ಳಿ.

ನೀಲಿ ಇನ್ಹೇಲರ್ ಒಂದನ್ನೇ ನಂಬಿರುವುದು ನನಗೆ ಹೆಚ್ಚು ಕಳವಳ ಉಂಟುಮಾಡುತ್ತದೆ. ಅದು ಬಿಗಿದ ಸ್ನಾಯುವನ್ನು ಕೆಲವು ಗಂಟೆ ಸಡಿಲಿಸುತ್ತದೆ, ಉರಿಯೂತವನ್ನು ಮುಟ್ಟುವುದಿಲ್ಲ. ಹಾಯೆನಿಸುವುದರಿಂದ ಕಾಯಿಲೆ ಒಳಗೇ ಬಲಿಯುತ್ತಿರುವುದು ತಿಳಿಯುವುದಿಲ್ಲ. ಇದೇ ಕಾರಣಕ್ಕೆ ಅಸ್ತಮಾ ಕುರಿತ ಜಾಗತಿಕ ಮಾರ್ಗಸೂಚಿಯಾದ ಜೀನಾ 2019ರಿಂದ, ಸ್ಟೀರಾಯ್ಡ್ ಇಲ್ಲದೆ ಸಾಲ್ಬುಟಮಾಲ್ ಒಂದರಿಂದಲೇ ವಯಸ್ಕರಿಗೆ ಚಿಕಿತ್ಸೆ ಕೊಡಬಾರದು ಎಂದು ಹೇಳುತ್ತಿದೆ. ಬ್ಯುಡೆಸೊನೈಡ್ ಮತ್ತು ಫಾರ್ಮೊಟೆರಾಲ್ ಸೇರಿರುವ ಒಂದೇ ಇನ್ಹೇಲರನ್ನು ದಿನದ ಔಷಧವಾಗಿಯೂ, ಉಬ್ಬಸ ಬಂದಾಗ ಪರಿಹಾರವಾಗಿಯೂ ಬಳಸುವ ಕ್ರಮ ಇದೆ. ದಿನವೂ ಎರಡೆರಡು ಇನ್ಹೇಲರ್ ಹಿಡಿದು ಗೊಂದಲವಾಗುತ್ತದೆ ಎನ್ನುವವರಿಗೆ ಅದು ಅನುಕೂಲ. ಎಂದೆಂದೂ ಇದೇ ಪ್ರಮಾಣ ಬೇಕೇ ಎಂದು ನೀವು ಕೇಳಬಹುದು. ಎರಡು ಮೂರು ತಿಂಗಳು ಲಕ್ಷಣಗಳಿಲ್ಲದೆ, ಎಫ್‌ಇವಿ1 ಏರಿ ನಿಂತಮೇಲೆ ವೈದ್ಯರೇ ಪ್ರಮಾಣವನ್ನು ಹಂತಹಂತವಾಗಿ ಇಳಿಸುತ್ತಾರೆ. ಪೂರ್ತಿ ನಿಲ್ಲಿಸುವುದು ಬೇರೆ ಮಾತು, ಮತ್ತು ಒಂದೇ ವರ್ಷದಲ್ಲಿ ಎರಡು ದಾಳಿ ಕಂಡ ನಿಮಗೆ ಅದನ್ನು ನಾನು ಸೂಚಿಸುವುದಿಲ್ಲ.

ಈ ಬಾರಿ ವೈದ್ಯರಲ್ಲಿಗೆ ಹೋದಾಗ ಸ್ಪೈರೊಮೆಟ್ರಿಯನ್ನು ಮತ್ತೆ ಮಾಡಿಸಿ. ಡಿಸೆಂಬರ್‌ನ ಈ ಅಳತೆ ನಿಮ್ಮ ಒಳ್ಳೆಯ ದಿನಗಳ ಮಟ್ಟವನ್ನು ತೋರಿಸುತ್ತದೆ. ಆಗಸ್ಟ್‌ನದಕ್ಕೆ ಹೋಲಿಸಬೇಕಾದದ್ದು ಮುಂದಿನ ಆಗಸ್ಟ್‌ನ ಅಳತೆಯನ್ನು, ಸಾಧ್ಯವಾದರೆ ಅದೇ ಪ್ರಯೋಗಾಲಯದಲ್ಲಿ, ದಿನದ ಅದೇ ಹೊತ್ತಿನಲ್ಲಿ. ಮನೆಯಲ್ಲಿ ಊದುವ ವೇಗವನ್ನು ಅಳೆಯುವ ಒಂದು ಪೀಕ್ ಫ್ಲೋ ಮೀಟರ್ ಇಟ್ಟುಕೊಂಡು ಮೇ ಕೊನೆಯಿಂದ ಬೆಳಿಗ್ಗೆ ಸಂಜೆ ಊದಿ ಬರೆದಿಡಿ; ಅಂಕಿ ದಿನದಿಂದ ದಿನಕ್ಕೆ ಇಳಿಯತೊಡಗಿದರೆ, ರಾತ್ರಿ ಕೆಮ್ಮಿ ಎಚ್ಚರವಾಗುವಂತಾದರೆ, ಪರಿಹಾರದ ಇನ್ಹೇಲರ್ ಮೊದಲಿಗಿಂತ ಹೆಚ್ಚು ಬೇಕಾದರೆ ದಾಳಿಗೆ ಕಾಯದೆ ವೈದ್ಯರನ್ನು ಕಾಣಿ. ಒಂದು ವಾಕ್ಯವನ್ನು ಒಂದೇ ಉಸಿರಿನಲ್ಲಿ ಮುಗಿಸಲಾಗದಿದ್ದರೆ, ಅಥವಾ ಇನ್ಹೇಲರ್ ಎಳೆದರೂ ಹಗುರವಾಗದಿದ್ದರೆ ಬೆಳಗಾಗಲಿ ಎಂದು ಕಾಯಬೇಡಿ. ಎಷ್ಟೇ ಮಳೆ ಇದ್ದರೂ 108ಕ್ಕೆ ಕರೆಮಾಡಿ ಆಮ್ಲಜನಕದ ಸೌಲಭ್ಯವಿರುವ ಹತ್ತಿರದ ಆಸ್ಪತ್ರೆಗೆ ಹೋಗಿ, ಆಂಬುಲೆನ್ಸ್ ಬರುವವರೆಗೆ ಸ್ಪೇಸರ್ ಮೂಲಕ ಪರಿಹಾರದ ಇನ್ಹೇಲರನ್ನು ಬಳಸುತ್ತಿರಿ.